ಲೋನ್ ಬೇಕಾ ಸರ್? – ಬೇಡದ ಕರೆಗಳ ಹದಿನೆಂಟು ವರ್ಷ

"ಡಿಎನ್‌ಡಿ ಹಾಕ್ಸಿದ್ದೀನಲ್ಲ, ಆದ್ರೂ ಯಾಕೆ ಈ ಕಾಲ್‌ಗಳು ಬರ್ತಾನೇ ಇರ್ತವೆ?"

ಡಿಎನ್‌ಡಿ ಅಂದರೆ 'ಡು ನಾಟ್ ಡಿಸ್ಟರ್ಬ್', ಮಾರಾಟದ ಕರೆ ನನಗೆ ಬೇಡ ಅಂತ ನಂಬರ್ ಬರೆಸುವುದು. ಈ ಪ್ರಶ್ನೆಯನ್ನು ನನಗೆ ಕೇಳದ ನೆಂಟರಿಲ್ಲ. ನನ್ನನ್ನೇ ಕೇಳುವುದಕ್ಕೆ ಕಾರಣವೂ ಇದೆ. 2009ರಲ್ಲಿ ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದಾಗ ಎಂಟು ತಿಂಗಳು ನಾನೇ ಇಂಥ ಕರೆ ಮಾಡುತ್ತಿದ್ದೆ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಇದನ್ನು ಯಾರಾದರೂ ಎತ್ತಿದರೆ ಸಾಕು, ಹೋಳಿಗೆ ಬರುವವರೆಗೂ ವಿಚಾರಣೆ ಮುಗಿಯುವುದಿಲ್ಲ.

ಎರಡು ಮಾತಲ್ಲಿ ಹೇಳುವಂಥ ಉತ್ತರ ನನ್ನಲ್ಲಿಲ್ಲ. 1909, 140, 1600, ಡಿಎಲ್‌ಟಿ, ಚಕ್ಷು ಅಂತ ಒಂದರ ಮೇಲೊಂದು ಬಂದು ಈಗ ಯಾವುದು ಯಾವುದಕ್ಕೆ ಅಂತ ಯಾರಿಗೂ ನೆನಪಿರುವುದಿಲ್ಲ. ಒಂದೊಂದೂ ಹಿಂದಿನದರ ತೂತು ಮುಚ್ಚಲು ಬಂದದ್ದು. ಹಾಗಾಗಿ ಮೊದಲಿನಿಂದ ಹೇಳಿಕೊಂಡು ಬಂದರೇ ಸರಿ.

ಮೊಬೈಲ್ ಭಾರತಕ್ಕೆ ಬಂದದ್ದು 1995ರ ಜುಲೈನಲ್ಲಿ. ಆಗ ಒಳಬರುವ ಕರೆಗೂ ದುಡ್ಡು. ಮಿಸ್ಡ್ ಕಾಲ್ ಕೊಡುವುದನ್ನು ಇಡೀ ದೇಶ ಕಲಿತದ್ದೇ ಆಗ. 2003ರಲ್ಲಿ ಒಳಬರುವ ಕರೆ ಉಚಿತವಾಯಿತು. ಜನ ನಂಬರನ್ನು ಧಾರಾಳವಾಗಿ ಕೊಡಲು ಶುರು ಮಾಡಿದರು. ಅದೇ ಹೊತ್ತಿಗೆ ಬ್ಯಾಂಕುಗಳೂ ಕ್ರೆಡಿಟ್ ಕಾರ್ಡ್, ಪರ್ಸನಲ್ ಲೋನ್ ಹಿಡಿದುಕೊಂಡು ಗಿರಾಕಿಗಳನ್ನು ಹುಡುಕುತ್ತಿದ್ದವು. ಎರಡೂ ಸೇರಿದ ಮೇಲೆ ಕೇಳಬೇಕೇ? ರೋಮಿಂಗ್‌ನಲ್ಲಿದ್ದವರಂತೂ ತಮಗೆ ಬೇಡದ ಸಾಲದ ವಿವರ ಕೇಳುವುದಕ್ಕೆ ತಮ್ಮದೇ ದುಡ್ಡು ಕೊಡುತ್ತಿದ್ದರು. 2005ರಲ್ಲಿ ವಕೀಲರೊಬ್ಬರು ಇದೆಲ್ಲ ಖಾಸಗಿತನದ ಮೇಲಿನ ದಾಳಿ ಅಂತ ಸುಪ್ರೀಂ ಕೋರ್ಟಿಗೆ ಹೋದರು. ಟೆಲಿಕಾಂ ನಿಯಂತ್ರಕ ಟ್ರಾಯ್ 2007ರ ಜೂನ್‌ನಲ್ಲಿ ಮೊದಲ ನಿಯಮ ತಂದಿತು. ಅದರಿಂದ ಹುಟ್ಟಿದ್ದು 'ಡು ನಾಟ್ ಕಾಲ್' ಪಟ್ಟಿ, ಈಗ ನಾವು ಡಿಎನ್‌ಡಿ ಅನ್ನುವುದು. ಕರೆ ಬೇಡ ಎನ್ನುವವರು 1909ಕ್ಕೆ ಹೇಳಿ ಹೆಸರು ಸೇರಿಸಬೇಕು. ಅದು ಜಾರಿಗೆ ಬರುವುದಕ್ಕೆ ಆಗ 45 ದಿನ.

ಇಲ್ಲಿ ಒಂದು ಸಣ್ಣ ವಿಷಯ ಗಮನಿಸಿ. ಮನೆ ಬಾಗಿಲು ತಟ್ಟುವವನು ಒಳಗೆ ಬರಲಾ ಅಂತ ಕೇಳುವುದು ರೂಢಿ. ಇಲ್ಲಿ ಮನೆಯವರೇ 'ಒಳಗೆ ಬರಬೇಡಿ' ಅಂತ ಅರ್ಜಿ ಹಾಕಿ ಒಂದೂವರೆ ತಿಂಗಳು ಕಾಯಬೇಕಿತ್ತು. ಇವತ್ತಿನ ತಲೆನೋವಿನ ಮುಕ್ಕಾಲು ಪಾಲು ಇಲ್ಲಿಂದಲೇ ಬಂದದ್ದು ಅಂತ ನನ್ನ ಅನಿಸಿಕೆ.

ಈ ಕಾಲದಲ್ಲೇ ನಾನು ಆ ಕೆಲಸಕ್ಕೆ ಸೇರಿದ್ದು. ಬೆಂಗಳೂರಿನ ರಾಜಾಜಿನಗರದಲ್ಲಿ ಒಂದು ಟೈರ್ ಅಂಗಡಿ. ಅದರ ಮಹಡಿಯಲ್ಲಿ ನಮ್ಮ ಆಫೀಸು. ಹನ್ನೆರಡು ಜನ, ಹನ್ನೆರಡು ಹೆಡ್‌ಸೆಟ್, ಒಂದಕ್ಕೂ ಕಿವಿಯ ಸ್ಪಂಜ್ ನೆಟ್ಟಗಿರಲಿಲ್ಲ. ನಾವು ಬ್ಯಾಂಕಿನವರಲ್ಲ. ಬ್ಯಾಂಕಿಗೆ ಒಬ್ಬ ಡಿಎಸ್‌ಎ, ಅಂದರೆ ಕಮಿಷನ್ ಮೇಲೆ ಸಾಲ ಮಾರಿಸಿಕೊಡುವ ಏಜೆಂಟ್. ಅವರ ಕೆಳಗೆ ಸಬ್ ಏಜೆಂಟ್. ಸಬ್ ಏಜೆಂಟ್ ಕೆಳಗೆ ನಾವು. ಆದರೆ ಫೋನಲ್ಲಿ ಮಾತ್ರ 'ನಾನು ಬ್ಯಾಂಕಿನಿಂದ ಮಾತಾಡ್ತಿದೀನಿ' ಅನ್ನಬೇಕು. ಮೊದಲ ದಿನ ನಾಲಿಗೆ ತಡವರಿಸಿತು. ನಾಲ್ಕನೇ ದಿನಕ್ಕೆ ನನಗೇ ನಂಬಿಕೆ ಬಂದಿತ್ತು.

ಬೆಳಿಗ್ಗೆ ಟೀಮ್ ಲೀಡರ್ 'ಡೇಟಾ' ಹಂಚುತ್ತಿದ್ದರು. ಡೇಟಾ ಅಂದರೆ ಒಂದು ಎಕ್ಸೆಲ್ ಶೀಟ್. ಹೆಸರು, ನಂಬರ್, ಊರು, ಕೆಲವೊಮ್ಮೆ ಕಂಪನಿ ಮತ್ತು ಸಂಬಳ. ಇದು ಎಲ್ಲಿಂದ ಬಂತು ಅಂತ ಯಾರೂ ಕೇಳುತ್ತಿರಲಿಲ್ಲ. ಆದರೆ ಶೀಟ್ ನೋಡಿದರೆ ಅಂದಾಜು ಸಿಗುತ್ತಿತ್ತು. ಒಂದರಲ್ಲಿ ಎಲ್ಲರ ಹೆಸರಿನ ಮುಂದೆ ಕಾರಿನ ಮಾಡೆಲ್ ಇತ್ತು. ಇನ್ನೊಂದರಲ್ಲಿ ಎಲ್ಲರೂ ಒಂದೇ ಅಪಾರ್ಟ್‌ಮೆಂಟಿನವರು. ಮಾಲ್‌ನಲ್ಲಿ ಲಕ್ಕಿ ಡ್ರಾ ಡಬ್ಬಿಗೆ ಚೀಟಿ ಹಾಕುತ್ತೀರಲ್ಲ, ಅದರಿಂದ ಬಂದ ಶೀಟ್ ನೋಡಿದ ತಕ್ಷಣ ಗೊತ್ತಾಗುತ್ತಿತ್ತು. ಅರ್ಧಕ್ಕರ್ಧ ಹೆಸರು ತಪ್ಪುತಪ್ಪು, ಕೈಬರಹ ಓದಲಾಗದೆ ಟೈಪ್ ಮಾಡಿದವು.

ಕೊನೆಯ ಕಾಲಂನಲ್ಲಿ ನಾವು ರಿಮಾರ್ಕ್ ಬರೆಯಬೇಕು. ಆರ್‌ಎನ್‌ಆರ್ ಅಂದರೆ ರಿಂಗ್ ಆಯಿತು, ಎತ್ತಲಿಲ್ಲ. ಸಿಬಿ ಅಂದರೆ ಮತ್ತೆ ಮಾಡಿ ಅಂದರು. ಎನ್‌ಐ ಅಂದರೆ ಆಸಕ್ತಿ ಇಲ್ಲ. ನೀವು ಬೇಡ ಅಂದಾಗ, ಬೈದಾಗ, 'ಇನ್ನೊಂದ್ಸಲ ಮಾಡಿದ್ರೆ ಪೊಲೀಸ್‌ಗೆ ಕೊಡ್ತೀನಿ' ಅಂದಾಗ ಎಲ್ಲದಕ್ಕೂ ಒಂದೇ ರಿಮಾರ್ಕ್, ಎನ್‌ಐ. ತಮಾಷೆ ಏನೆಂದರೆ ಎನ್‌ಐ ಆದ ನಂಬರ್ ಅಳಿಸಿ ಹೋಗುತ್ತಿರಲಿಲ್ಲ. ಮುಂದಿನ ತಿಂಗಳು ಹೊಸ ಶೀಟ್‌ನಲ್ಲಿ, ಬೇರೆ ಹುಡುಗಿಯ ಮೇಜಿನ ಮೇಲೆ ಅದೇ ಹೆಸರು. ಕಳೆದ ತಿಂಗಳು ಅವರಿಗೆ ಸಾಲ ಬೇಡವಾಗಿತ್ತು, ಈ ತಿಂಗಳು ಬೇಕಾಗಬಹುದಲ್ವಾ ಅನ್ನುವ ಲೆಕ್ಕ.

ನಿಯಮದ ಪ್ರಕಾರ ಈ ಶೀಟನ್ನು 'ಡು ನಾಟ್ ಕಾಲ್' ಪಟ್ಟಿಗೆ ಹೋಲಿಸಿ, ಅದರಲ್ಲಿರುವ ನಂಬರುಗಳನ್ನು ತೆಗೆಯಬೇಕು. ಇದಕ್ಕೆ ಸ್ಕ್ರಬ್ ಮಾಡುವುದು ಅನ್ನುತ್ತಾರೆ. ನಮ್ಮಲ್ಲೂ ಸ್ಕ್ರಬ್ ಆಗುತ್ತಿತ್ತು. ಆದರೆ ಒಮ್ಮೆ ಸ್ಕ್ರಬ್ ಆದ ಶೀಟ್ ತಿಂಗಳುಗಟ್ಟಲೆ ಓಡುತ್ತಿತ್ತು. ಮಧ್ಯದಲ್ಲಿ ನೀವು ಡಿಎನ್‌ಡಿ ಹಾಕಿಸಿದರೆ ನಮಗೆ ಗೊತ್ತಾಗುವುದೇ ಇಲ್ಲ. ದಂಡ ಆಗ ಮೊದಲ ತಪ್ಪಿಗೆ 500 ರೂಪಾಯಿ, ಮುಂದಿನದಕ್ಕೆ 1000. ಒಂದು ಲೋನ್ ಪಾಸ್ ಆದರೆ ಬರುವ ಕಮಿಷನ್ ಮುಂದೆ ಅದು ಚಹಾ ಖರ್ಚು.

ಇನ್ನೊಂದು ಮಾತು. ಜಿಲ್ಲೆಗಳ ಶೀಟ್ ಬಂದರೆ ಅದು ಕನ್ನಡ ಬರುವ ನಮ್ಮ ಮೂವರಿಗೆ. ತಿಪಟೂರು, ಅರಸೀಕೆರೆ ಕಡೆಯವರು ಕನ್ನಡದಲ್ಲಿ ಮಾತಾಡಿಸಿದರೆ ಫೋನ್ ಇಡುತ್ತಿರಲಿಲ್ಲ. 'ಯಾವೂರಮ್ಮ ನಿಂದು?' ಅಂತ ಕೇಳುತ್ತಿದ್ದರು. ಒಬ್ಬ ಅಜ್ಜ ತೆಂಗಿನಕಾಯಿ ರೇಟು ಬಿದ್ದದ್ದರಿಂದ ಶುರು ಮಾಡಿ ಸೊಸೆಯವರೆಗೆ ಎಲ್ಲ ಹೇಳಿ, ಕೊನೆಗೆ 'ಸಾಲ ಬೇಡವ್ವ' ಅಂದಿದ್ದರು. ಆ ದಿನ ನನ್ನ ಟಾರ್ಗೆಟ್ ಆಗಲಿಲ್ಲ. ರಿಮಾರ್ಕ್ ಎನ್‌ಐ ಅಂತಲೇ ಬರೆದೆ. ಈಗ ಇಂಥ ಕರೆ ಬಹುಪಾಲು ಹಿಂದಿಯಲ್ಲಿ ಬರುತ್ತವೆ. ಜನ ಮೊದಲ ಪದಕ್ಕೇ ಕಟ್ ಮಾಡುತ್ತಾರೆ, ಅದೊಂದು ಉಪಕಾರ.

ನಾನು ಆ ಕೆಲಸ ಬಿಟ್ಟ ಮೇಲೆ, 2010ರ ಆಗಸ್ಟ್‌ನಲ್ಲಿ, ಒಂದು ಕರೆ ದೊಡ್ಡ ಸುದ್ದಿಯಾಯಿತು. ಬೆಲೆ ಏರಿಕೆಯ ಬಗ್ಗೆ ವಿರೋಧ ಪಕ್ಷದವರ ಜತೆ ಸಭೆಯಲ್ಲಿದ್ದ ಹಣಕಾಸು ಸಚಿವ ಪ್ರಣವ್ ಮುಖರ್ಜಿಯವರಿಗೆ ಫೋನ್ ಬಂತು. ಮುಖ್ಯವಾದ ಕರೆ ಇರಬೇಕು ಅಂತ ಎತ್ತಿದರೆ, ಹೋಮ್ ಲೋನ್ ಬೇಕಾ ಅನ್ನುವ ವಿಚಾರಣೆ. ದೇಶದ ಖಜಾನೆ ಕೈಲಿರುವವರಿಗೇ ಸಾಲ! ಪತ್ರಿಕೆಗಳು ಚಪ್ಪರಿಸಿಕೊಂಡು ಬರೆದವು. ಕರೆ ಮಾಡಿದ ಹುಡುಗಿಯೋ ಹುಡುಗನೋ ಶೀಟ್‌ನಲ್ಲಿ ಏನಂತ ಬರೆದಿರಬಹುದು ಅಂತ ನಾನು ಯೋಚಿಸಿದ್ದೆ. ಬಹುಶಃ ಸಿಬಿ.

ಅದೇ ವರ್ಷ ಡಿಸೆಂಬರ್ 1ಕ್ಕೆ ಹೊಸ ನಿಯಮ ಬಂತು. ಪೂರ್ತಿ ಜಾರಿಯಾದದ್ದು 2011ರ ಸೆಪ್ಟೆಂಬರ್ 27ರಿಂದ. ಬ್ಯಾಂಕಿಂಗ್, ರಿಯಲ್ ಎಸ್ಟೇಟ್, ಶಿಕ್ಷಣ, ಆರೋಗ್ಯ ಅಂತ ಏಳು ವಿಭಾಗ ಮಾಡಿ ಯಾವುದು ಬೇಕು, ಯಾವುದು ಬೇಡ ಆರಿಸಿ ಎಂದರು. 45 ದಿನದ ಕಾಯುವಿಕೆ ಏಳು ದಿನಕ್ಕಿಳಿಯಿತು. ರಾತ್ರಿ 9ರಿಂದ ಬೆಳಿಗ್ಗೆ 9ರವರೆಗೆ ಕರೆ ಮಾಡುವಂತಿಲ್ಲ. ದಂಡ 25 ಸಾವಿರದಿಂದ ಶುರು. ಟೆಲಿಮಾರ್ಕೆಟಿಂಗ್ ನಂಬರುಗಳೆಲ್ಲ 140ರಿಂದಲೇ ಶುರುವಾಗಬೇಕು.

ಈ ನಿಯಮ ಬರುವ ಮುಂಚೆ ಒಂದು ಚರ್ಚೆ ನಡೆದಿತ್ತು. ಪಟ್ಟಿಯನ್ನೇ ತಿರುಗಿಸಿಬಿಟ್ಟರೆ ಹೇಗೆ? 'ಕರೆ ಬೇಡ' ಅನ್ನುವವರ ಬದಲು 'ಕರೆ ಬೇಕು' ಅನ್ನುವವರೇ ಹೆಸರು ಬರೆಸಲಿ. ಉಳಿದವರಿಗೆ ಯಾರೂ ಮಾಡುವಂತಿಲ್ಲ. ಆ ಪಟ್ಟಿ ಎಷ್ಟು ಉದ್ದ ಇರುತ್ತಿತ್ತು ಅಂತ ಉದ್ಯಮಕ್ಕೂ ಗೊತ್ತಿತ್ತು, ನಮಗೂ ಗೊತ್ತು. ಕೊನೆಗೆ ಅದು ಕಾಗದದಲ್ಲೇ ಉಳಿಯಿತು.

140ರ ಕಥೆ ಕೇಳಿ. ಅದು ನಿಜಕ್ಕೂ ಒಳ್ಳೆಯ ಯೋಚನೆ. ಎತ್ತುವ ಮುಂಚೆಯೇ ಯಾರು ಅಂತ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಯಾರು ಎತ್ತುತ್ತಾರೆ? ಟೆಲಿಕಾಲರ್‌ಗಳ ಶೀಟ್ ತುಂಬ ಆರ್‌ಎನ್‌ಆರ್. ನಿಯಮ ಪಾಲಿಸಿದವರ ವ್ಯಾಪಾರ ಬಿತ್ತು. ಪಾಲಿಸದವರು ಮಾಮೂಲಿ ಹತ್ತು ಅಂಕಿಯ ಸಿಮ್ ಹಿಡಿದುಕೊಂಡರು. ಟೆಲಿಮಾರ್ಕೆಟರ್ ಅಂತ ರಿಜಿಸ್ಟರ್ ಆಗದೇ ಇದ್ದರೆ ಲಾಭ ಜಾಸ್ತಿ ಅನ್ನುವ ಪರಿಸ್ಥಿತಿ ಹುಟ್ಟಿದ್ದು ಹೀಗೆ. ಎಸ್‌ಎಂಎಸ್ ಕಡೆ ಒಂದು ಸಿಮ್‌ನಿಂದ ದಿನಕ್ಕೆ 200ರ ಮಿತಿ ತಂದಿದ್ದರು. 2012ರಲ್ಲಿ ದೆಹಲಿ ಹೈಕೋರ್ಟ್ ಖಾಸಗಿ ಸಂದೇಶಗಳಿಗೆ ಆ ಮಿತಿ ಸಲ್ಲದು ಎಂದಿತು.

ಇನ್ನು 2016ರ ಸೆಪ್ಟೆಂಬರ್. ಜಿಯೋ ಬಂದು ಕರೆಗಳನ್ನು ಉಚಿತ ಮಾಡಿತು. ಉಳಿದವರೂ ಅನ್‌ಲಿಮಿಟೆಡ್ ಪ್ಯಾಕ್‌ಗೆ ಬಂದರು. ನಮಗೆಲ್ಲ ಖುಷಿ. ಆದರೆ ಬೇಡದ ಕರೆಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಿರುವು ಇಲ್ಲ ಅಂತ ನನಗನಿಸುತ್ತದೆ. ನಮ್ಮ ಕಾಲದಲ್ಲಿ ಫೋನ್ ಬಿಲ್ ಜಾಸ್ತಿ ಬಂದರೆ ಟೀಮ್ ಲೀಡರ್ ಕೂಗಾಡುತ್ತಿದ್ದರು. ಯಾರಿಗೆ ಮಾಡಬೇಕು ಅಂತ ಸ್ವಲ್ಪವಾದರೂ ಆರಿಸುತ್ತಿದ್ದೆವು. ಕರೆ ಪುಕ್ಕಟೆಯಾದ ಮೇಲೆ ಆರಿಸುವುದೇಕೆ? ಆಫೀಸೇ ಬೇಡ. ಒಂದು ಸಿಮ್, ಒಂದು ಶೀಟ್ ಇದ್ದರೆ ಮನೆಯಲ್ಲೇ ಕೂತು ಶುರು ಮಾಡಬಹುದು.

2018ರ ಜುಲೈನಲ್ಲಿ ಮತ್ತೊಂದು ನಿಯಮ ಬಂತು. ಈ ಸಲ ಬ್ಲಾಕ್‌ಚೈನ್, ಅಂದರೆ ಗುಟ್ಟಾಗಿ ತಿದ್ದಲಾಗದ ಹಂಚಿಕೆಯ ಡಿಜಿಟಲ್ ಲೆಕ್ಕಪುಸ್ತಕ. ಡಿಎಲ್‌ಟಿ ಅನ್ನುವ ವ್ಯವಸ್ಥೆಯಲ್ಲಿ ಸಂದೇಶ ಕಳಿಸುವ ಕಂಪನಿ, ಅದರ ಹೆಡರ್ (ಸಂದೇಶ ಕಳಿಸಿದವರ ಜಾಗದಲ್ಲಿ ಕಾಣುವ ಹೆಸರು), ಸಂದೇಶದ ನಮೂನೆ ಎಲ್ಲ ಮೊದಲೇ ನೋಂದಾಯಿಸಬೇಕು. ಹೊಂದದ ಸಂದೇಶ ದಾರಿಯಲ್ಲೇ ನಿಲ್ಲಬೇಕು. 2021ರ ಮಾರ್ಚ್ 8ರಂದು ಸೋಸುವುದು ಶುರುವಾಯಿತು. ಆ ದಿನ ನೆನಪಿದೆಯಾ? ಬ್ಯಾಂಕಿನ ಒಟಿಪಿಗಳೇ ಬರಲಿಲ್ಲ. ಜನ ಟ್ರಾನ್ಸಾಕ್ಷನ್ ಮಧ್ಯೆ ಫೋನ್ ಹಿಡಿದು ಕೂತರು. ನೋಂದಣಿ ಸರಿಯಾಗಿ ಮಾಡಿಸದೆ ಇದ್ದ ಸಂಸ್ಥೆಗಳ ಸಂದೇಶವೆಲ್ಲ ಜರಡಿಯಲ್ಲಿ ಸಿಕ್ಕಿಕೊಂಡಿತ್ತು. ಮರುದಿನವೇ ಸೋಸುವುದನ್ನು ಏಳು ದಿನ ತಡೆಹಿಡಿಯಬೇಕಾಯಿತು. ಕಳ್ಳನಿಗೆ ಹಾಕಿದ ಬಲೆಯಲ್ಲಿ ಮನೆಯವರೇ ಬಿದ್ದ ಹಾಗೆ. ಆಮೇಲೆ ಅದು ಸರಿಹೋಯಿತು, ಎಸ್‌ಎಂಎಸ್ ಮಟ್ಟಿಗೆ ಕೆಲಸವನ್ನೂ ಮಾಡಿತು. ಆದರೆ ಧ್ವನಿ ಕರೆಗೆ ನಮೂನೆ ಎಲ್ಲಿಂದ ತರುವುದು?

2024ರ ಹೊತ್ತಿಗೆ ಗೋಳು ಬೇರೆಯೇ ಆಗಿತ್ತು. ಸಾಲ ಮಾರುವ ಕರೆ ಯಾವುದು, ಮೋಸದ ಕರೆ ಯಾವುದು ಅಂತ ಬೇರೆ ಮಾಡಲಾಗದಷ್ಟು ಎರಡೂ ಬೆರೆತವು. ಪೊಲೀಸ್ ಸಮವಸ್ತ್ರದಲ್ಲಿ ವಿಡಿಯೋ ಕಾಲ್ ಮಾಡಿ 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸುವವರು ಬಂದರು. ಮಾರ್ಚ್‌ನಲ್ಲಿ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಚಕ್ಷು ಎಂಬ ದೂರಿನ ಕಿಂಡಿ ತೆರೆಯಿತು. ಅದು ಅನುಮಾನದ ಕರೆಗೆ. ದುಡ್ಡು ಹೋಗಿಬಿಟ್ಟಿದ್ದರೆ ಮಾತ್ರ ನೇರ ಸೈಬರ್ ವಂಚನೆಯ ಸಹಾಯವಾಣಿ 1930. ವರ್ಷದ ಮೊದಲ ಆರು ತಿಂಗಳಲ್ಲೇ ನೋಂದಾಯಿಸದ ಟೆಲಿಮಾರ್ಕೆಟರ್‌ಗಳ ಮೇಲೆ 7.9 ಲಕ್ಷಕ್ಕೂ ಹೆಚ್ಚು ದೂರು ಬಂದವು. ಆಗಸ್ಟ್ 13ರಂದು ಟ್ರಾಯ್ ಆದೇಶ ಹೊರಡಿಸಿತು. ತಪ್ಪು ಮಾಡಿದವರ ಎಲ್ಲ ಸಂಪರ್ಕ ಕಡಿದು, ಎರಡು ವರ್ಷದವರೆಗೆ ಕಪ್ಪುಪಟ್ಟಿಗೆ ಸೇರಿಸಬೇಕು. ಕೆಲವೇ ವಾರಗಳಲ್ಲಿ 2.75 ಲಕ್ಷ ಸಂಪರ್ಕ ಕಡಿದದ್ದಾಗಿ, 50 ಸಂಸ್ಥೆಗಳನ್ನು ಕಪ್ಪುಪಟ್ಟಿಗೆ ಹಾಕಿದ್ದಾಗಿ ಲೆಕ್ಕ ಬಂತು. 2025ರ ನವೆಂಬರ್‌ಗೆ ಅದು 21 ಲಕ್ಷ ನಂಬರ್, ಸುಮಾರು ಒಂದು ಲಕ್ಷ ಸಂಸ್ಥೆ ದಾಟಿತು.

ಸಂಖ್ಯೆ ದೊಡ್ಡದೇ. ಆದರೆ ಕಡಿದದ್ದು ನಂಬರನ್ನು. ಆ ನಂಬರಿನಿಂದ ಯಾರ ಸಾಲ, ಯಾರ ಸೈಟು ಮಾರಾಟವಾಗುತ್ತಿತ್ತು ಅನ್ನುವ ಪ್ರಶ್ನೆ ಡಿಎಸ್‌ಎ, ಸಬ್ ಏಜೆಂಟ್ ಅನ್ನುವ ಮೆಟ್ಟಿಲುಗಳ ಮೇಲೆ ಎಲ್ಲೋ ಕಳೆದುಹೋಗುತ್ತದೆ. ನಮ್ಮ ಟೈರ್ ಅಂಗಡಿ ಮಹಡಿಗೆ ಬ್ಯಾಂಕಿನಿಂದ ಒಬ್ಬರೂ ಬಂದದ್ದನ್ನು ನಾನು ನೋಡಿಲ್ಲ.

ಈಗ ಏನಿದೆ? 2025ರ ಫೆಬ್ರವರಿಯ ತಿದ್ದುಪಡಿ ನನಗೆ ತಕ್ಕಮಟ್ಟಿಗೆ ಹಿಡಿಸಿತು. ನೋಂದಾಯಿಸದವರ ಮೇಲೆ ದೂರು ಕೊಡಲು ಡಿಎನ್‌ಡಿ ಹಾಕಿಸಿರಲೇಬೇಕು ಅಂತಿಲ್ಲ. ಕರೆ ಬಂದ ಮೇಲೆ ದೂರು ಕೊಡಲು ಮೂರು ದಿನವಿದ್ದದ್ದು ಏಳು ದಿನವಾಗಿದೆ. ಟೆಲಿಕಾಂ ಕಂಪನಿ 30 ದಿನದ ಬದಲು ಐದು ದಿನದಲ್ಲಿ ಕ್ರಮ ತೆಗೆದುಕೊಳ್ಳಬೇಕು. ಕ್ರಮಕ್ಕೆ ಒಬ್ಬರ ಮೇಲೆ ಹತ್ತು ದಿನದಲ್ಲಿ ಐದು ದೂರು ಬಂದರೂ ಸಾಕು, ಮೊದಲು ಏಳು ದಿನದಲ್ಲಿ ಹತ್ತು ಬೇಕಿತ್ತು. ಎಸ್‌ಎಂಎಸ್ ಹೆಡರ್‌ನ ಕೊನೆಗೆ ಒಂದು ಅಕ್ಷರ ಬರುತ್ತದೆ, ಗಮನಿಸಿ. ಪಿ ಇದ್ದರೆ ಪ್ರಚಾರ, ಎಸ್ ಅಂದರೆ ಸೇವೆ, ಟಿ ಅಂದರೆ ವಹಿವಾಟು, ಜಿ ಅಂದರೆ ಸರ್ಕಾರ. ಬ್ಯಾಂಕುಗಳು ಸೇವೆಯ ಕರೆಗೆ 1600ರಿಂದ ಶುರುವಾಗುವ ನಂಬರನ್ನೇ ಬಳಸಬೇಕು. ವಾಣಿಜ್ಯ ಬ್ಯಾಂಕುಗಳಿಗೆ ಅದರ ಗಡುವು 2026ರ ಜನವರಿ 1. ಪ್ರಚಾರದ ಕರೆಗೆ ಹಳೆಯ 140.

ಜನ ಮಾಡುವ ಒಂದು ತಪ್ಪಿನ ಬಗ್ಗೆಯೂ ಹೇಳಬೇಕು. ಬೇಡದ ಕರೆ ಬಂದರೆ ಫೋನ್‌ನಲ್ಲೇ ಬ್ಲಾಕ್ ಒತ್ತಿ ಸುಮ್ನೆ ಆಗುತ್ತೇವೆ. ಅದು ನಿಮ್ಮ ಫೋನಿಗೆ ಮಾತ್ರ. ಆ ನಂಬರ್ ಪಕ್ಕದ ಮನೆಯವರಿಗೆ ಕರೆ ಮಾಡುತ್ತಲೇ ಇರುತ್ತದೆ. ಟ್ರಾಯ್‌ನ ಡಿಎನ್‌ಡಿ ಆ್ಯಪ್‌ನಲ್ಲಿ ಅಥವಾ 1909ಕ್ಕೆ ದೂರು ಹೋದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ನಾನು ಕೊಟ್ಟ ದೂರುಗಳಲ್ಲಿ ಕೆಲವಕ್ಕೆ 'ಕ್ರಮ ಕೈಗೊಳ್ಳಲಾಗಿದೆ' ಅಂತ ಬಂತು, ಕೆಲವು ಸುಮ್ಮನೆ ಮುಚ್ಚಿಹೋದವು. ಆದರೂ ಕೊಡುತ್ತೇನೆ. ಹಳೆಯ ಪಾಪ ಇದೆಯಲ್ಲ.

ಹೋದ ತಿಂಗಳು ಊರಿಗೆ ಹೋಗಿದ್ದಾಗ ಅಮ್ಮನಿಗೆ ಇದನ್ನೆಲ್ಲ ವಿವರಿಸಿದೆ. ಅಮ್ಮ ಅಪರಿಚಿತ ನಂಬರ್ ಎತ್ತುವುದನ್ನೇ ಬಿಟ್ಟಿದ್ದಾರೆ. ಗ್ಯಾಸ್ ಸಿಲಿಂಡರ್ ತಂದ ಹುಡುಗ ಗೇಟಿನ ಹೊರಗೆ ನಿಂತು ನಾಲ್ಕು ಸಲ ಫೋನ್ ಮಾಡಿ, ಎತ್ತದೆ ವಾಪಸ್ ಹೋಗಿದ್ದನಂತೆ. ಪೂರ್ತಿ ಕೇಳಿಸಿಕೊಂಡು ಅಮ್ಮ ಪೆನ್ಸಿಲ್ ತಂದರು. ಅಡುಗೆಮನೆಯ ಕ್ಯಾಲೆಂಡರ್ ಮೂಲೆಯಲ್ಲಿ, ಹಾಲಿನ ಲೆಕ್ಕದ ಪಕ್ಕ ಬರೆದುಕೊಂಡರು. '1600 – ಬ್ಯಾಂಕು. 140 – ಬೇಡ.' ಆಮೇಲೆ ಸ್ವಲ್ಪ ಯೋಚಿಸಿ ಕೇಳಿದರು: "ಬರೀ ಹತ್ತು ನಂಬರಿಂದು ಬಂದ್ರೆ?"

ಮೂರನೇ ಸಾಲು ಇನ್ನೂ ಖಾಲಿ ಇದೆ.