ಒಂದು ಕಿವಿ ಚೆನ್ನಾಗಿರುವವರ ಮ್ಯಾಪಿಂಗ್

ಕಾಕ್ಲಿಯರ್ ಇಂಪ್ಲಾಂಟ್ ಎಂದರೆ ಶ್ರವಣ ನರಕ್ಕೆ ವಿದ್ಯುತ್ ಸಂಕೇತ ಕೊಡಲು ಕಿವಿಯೊಳಗೆ ಕೂರಿಸುವ ಸಾಧನ; ಅದನ್ನು ಆಯಾ ವ್ಯಕ್ತಿಗೆ ಹೊಂದಿಸುವುದೇ ಮ್ಯಾಪಿಂಗ್. ಎರಡೂ ಕಿವಿ ಕೇಳದವರಿಗೆ ಇಂಪ್ಲಾಂಟ್‌ನ ಸದ್ದು ಎಷ್ಟೇ ಒರಟಾಗಿದ್ದರೂ ಬೇರೆ ದಾರಿಯಿಲ್ಲ, ಒಗ್ಗಿಕೊಳ್ಳುತ್ತಾರೆ. ಒಂದು ಕಿವಿ ನೆಟ್ಟಗಿರುವವರಿಗೆ ಹೋಲಿಸಿ ನೋಡಲು ಅಸಲಿ ಸದ್ದು ಮಗ್ಗುಲಲ್ಲೇ ಇರುತ್ತದೆ. ಸ್ವಿಚ್ ಆನ್ ಮಾಡಿದ ದಿನ ‘ಇದೇನು ಮೇಡಂ, ಕಾರ್ಟೂನ್ ಗೊಂಬೆ ಮಾತಾಡಿದ ಹಾಗಿದೆ’ ಎಂದು ಮುಖ ಸಣ್ಣ ಮಾಡುವವರೇ ಹೆಚ್ಚು.

ಅದಕ್ಕೆ ಕಾರಣವಿದೆ. ಒಳಗಿವಿಯಲ್ಲಿ ಸದ್ದು ಗ್ರಹಿಸುವ ಕಾಕ್ಲಿಯಾ ಸುಮಾರು ಎರಡೂವರೆ ಸುತ್ತಿನ ಸುರುಳಿ. ಕೀರಲು ಸದ್ದು ಬಾಗಿಲ ಬಳಿ, ಮಂದ್ರ ಸದ್ದು ಒಳತುದಿಯಲ್ಲಿ. ಸಾಲಾಗಿ ಎಲೆಕ್ಟ್ರೋಡ್‌ಗಳಿರುವ ಇಂಪ್ಲಾಂಟ್‌ನ ತಂತಿ ಸಾಮಾನ್ಯವಾಗಿ ಆ ತುದಿಯವರೆಗೆ ಹೋಗುವುದಿಲ್ಲ. ಗಂಡುದನಿಯ ಮಂದ್ರ ಭಾಗವೂ ಮೇಲಿನ ಸ್ವರದ ನರಗಳಿಗೇ ತಲುಪುತ್ತದೆ. ಸಿ.ಟಿ. ಸ್ಕ್ಯಾನ್‌ನಲ್ಲಿ ಪ್ರತಿ ಎಲೆಕ್ಟ್ರೋಡ್ ಕೂತ ಜಾಗ ನೋಡಿ ಅದಕ್ಕೆ ತಕ್ಕ ಹಾಗೆ ಸ್ವರ ಹಂಚುವ ಪದ್ಧತಿ ಈಗ ಬಂದಿದೆ. ಇಂಥವರ ಮಟ್ಟಿಗೆ ನನ್ನ ಒಲವು ಅದರತ್ತಲೇ, ಆದರೆ ಎಲ್ಲರಿಗೂ ಅದರಿಂದ ಲಾಭವಾಗುತ್ತದೆಂದು ಹೇಳಲಾರೆ.

ಸದ್ದಿನ ಮಟ್ಟ ಹೊಂದಿಸುವುದು ಇನ್ನೂ ಸೂಕ್ಷ್ಮ. ‘ಹಿತವಾಗಿದೆಯಾ?’ ಎಂದು ಕೇಳಿದರೆ ಸಾಲದು. ಎದುರಿನಿಂದ ಮಾತಾಡಿ ‘ದನಿ ಎತ್ತ ವಾಲುತ್ತಿದೆ?’ ಎಂದು ಕೇಳುತ್ತೇನೆ. ನಡುವೆ ನಿಲ್ಲಬೇಕು. ಒಳ್ಳೆಯ ಕಿವಿಯತ್ತ ವಾಲಿದರೆ ಇಂಪ್ಲಾಂಟ್ ಇದ್ದೂ ಇಲ್ಲದಂತೆ. ಆ ಕಿವಿಗೆ ಹಿಯರಿಂಗ್ ಏಡ್ ಇದ್ದರೆ ಇನ್ನೊಂದು ತೊಡಕು: ಅದು ಸದ್ದನ್ನು ಕೆಲವು ಮಿಲಿಸೆಕೆಂಡ್ ತಡವಾಗಿ ಕೊಡುತ್ತದೆ. ದನಿ ಯಾವ ದಿಕ್ಕಿನದೆಂದು ಹೇಳಲು ಅಷ್ಟು ವ್ಯತ್ಯಾಸವೇ ಅಡ್ಡಿ. ಇಂಪ್ಲಾಂಟ್‌ಗೆ ಸದ್ದು ಕಳಿಸಲು ಹೊರಗೆ ತೊಡುವ ಯಂತ್ರವೇ ಪ್ರೊಸೆಸರ್; ಕೆಲವು ಪ್ರೊಸೆಸರ್‌ಗಳಲ್ಲಿ ಇದನ್ನು ಸರಿದೂಗಿಸಬಹುದು.

ಇಂಪ್ಲಾಂಟ್ ಕಿವಿಯನ್ನು ಒಂಟಿಯಾಗಿ ದುಡಿಸದೆ ಇದ್ಯಾವುದೂ ಫಲ ಕೊಡುವುದಿಲ್ಲ. ಮನೆಯವರ ಜೊತೆ ಎಷ್ಟು ಹರಟಿದರೂ ಕೆಲಸವೆಲ್ಲ ಒಳ್ಳೆಯ ಕಿವಿಯದೇ. ಮೊಬೈಲ್‌ನಿಂದ ನೇರ ಪ್ರೊಸೆಸರ್‌ಗೆ ವಾರ್ತೆಯನ್ನೋ ಕತೆಯನ್ನೋ ಹಾಯಿಸಿ ದಿನವೂ ಕೇಳಬೇಕು. ನಾವು ಪರೀಕ್ಷೆ ಮಾಡುವುದೂ ಹಾಗೆಯೇ. ಇಯರ್‌ಪ್ಲಗ್ ಹಾಕಿದರೂ ಒಳ್ಳೆಯ ಕಿವಿ ಸಾಕಷ್ಟು ಕದ್ದು ಕೇಳುತ್ತದೆ.

ಒಂದೇ ಕಿವಿಯ ಕಿವುಡಿಗೆ ಇಂಪ್ಲಾಂಟ್ ಹಾಕಲು ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ್ದು 2019ರಲ್ಲಿ, ಅದೂ ಐದು ವರ್ಷ ಮೇಲ್ಪಟ್ಟವರಿಗೆ. ಅದಕ್ಕೂ ಮೊದಲೇ, 2008ರಲ್ಲಿ, ಬೆಲ್ಜಿಯಂನ ಆಂಟ್ವರ್ಪ್ ವೈದ್ಯರು ತಾಳಲಾರದ ಕಿವಿಮೊರೆತಕ್ಕೆಂದು ಇದನ್ನು ಮಾಡಿ ವರದಿ ಪ್ರಕಟಿಸಿದ್ದರು. ಹುಟ್ಟಿನಿಂದಲೇ ಒಂದು ಕಿವಿ ಕೇಳದ ಮಕ್ಕಳಲ್ಲಿ ಎಷ್ಟೋ ಸಲ ಶ್ರವಣ ನರವೇ ಸರಿಯಾಗಿ ಬೆಳೆದಿರುವುದಿಲ್ಲ. ಎಂ.ಆರ್.ಐ. ನೋಡದೆ ಆಸೆ ಹುಟ್ಟಿಸಬಾರದು.

ದಿನಕ್ಕೆ ಎಷ್ಟು ಹೊತ್ತು ಹಾಕಿದರೆಂಬುದು ಪ್ರೊಸೆಸರ್‌ನಲ್ಲೇ ದಾಖಲಾಗುತ್ತದೆ. ‘ಸರಿ ಕೇಳಿಸ್ತಿಲ್ಲ’ ಎಂದು ಬಂದವರ ಮ್ಯಾಪ್ ಮುಟ್ಟುವ ಮೊದಲು ನಾನು ತೆರೆದು ನೋಡುವುದು ಆ ಲೆಕ್ಕವನ್ನೇ.