ಪಕ್ಕದ ಲೇಔಟಿಗೆ ದಾರಿ ಯಾಕಿಲ್ಲ?

ತುಮಕೂರು ದೊಡ್ಡ ರಸ್ತೆಗಳನ್ನು ಹಿಡಿದುಕೊಂಡು ಬೆಳೆಯುತ್ತಿದೆ. ಶಿರಾ ಕಡೆ ಅಂತರಸನಹಳ್ಳಿ ದಾಟಿ ವಸಂತನರಸಾಪುರದ ಕೈಗಾರಿಕಾ ಪ್ರದೇಶದ ದಿಕ್ಕಿಗೆ, ಬೆಂಗಳೂರು ಕಡೆ ಕ್ಯಾತ್ಸಂದ್ರ ದಾಟಿ ಹಿರೇಹಳ್ಳಿಗೆ, ಗುಬ್ಬಿ ಕಡೆ ಹೆಗ್ಗೆರೆ, ಮಲ್ಲಸಂದ್ರಕ್ಕೆ. ಎಲ್ಲಿ ನೋಡಿದರೂ ಸೈಟಿನ ಬೋರ್ಡು. ದೇವರಾಯನದುರ್ಗದ ಕಡೆ ಗುಡ್ಡ, ಕಾಡು ಅಡ್ಡ ಇವೆ. ಇಲ್ಲದಿದ್ದರೆ ಅಲ್ಲೂ ಬಿಡುತ್ತಿರಲಿಲ್ಲ.

ಹೆದ್ದಾರಿ ಗುಂಟ ಊರು ಚಾಚುವುದು ನಮ್ಮಲ್ಲಿ ಮಾತ್ರ ಅಲ್ಲ. ಮಂಗಳೂರು–ಉಡುಪಿ ಹೆದ್ದಾರಿಯ ಆಸುಪಾಸನ್ನು ಉಪಗ್ರಹ ಚಿತ್ರ ಇಟ್ಟುಕೊಂಡು ಅಳೆದ ಒಂದು ಅಧ್ಯಯನ 2004ರಲ್ಲೇ ಬಂದಿದೆ. 1970ರ ದಶಕದ ಶುರುವಿನಿಂದ ಶತಮಾನದ ಕೊನೆಯವರೆಗೆ ಅಲ್ಲಿ ಜನ ಹೆಚ್ಚಾಗಿದ್ದು ಸುಮಾರು ಶೇ 54, ಕಟ್ಟಡಗಳು ಆವರಿಸಿದ ಜಾಗ ಹೆಚ್ಚಾಗಿದ್ದು ಸುಮಾರು ಶೇ 146. ಜನಕ್ಕಿಂತ ಜಾಗ ಜಾಸ್ತಿ ಖರ್ಚಾಗುತ್ತಿದ್ದರೆ ಊರು ಬೆಳೆಯುವುದರ ಜೊತೆಗೆ ಚದುರುತ್ತಲೂ ಇದೆ.

ಆದರೆ ನಾನು ಲೇಔಟ್ ನಕ್ಷೆ ಮಾಡಿಕೊಡುವವನು. ನನ್ನ ಮೇಜಿನ ಮೇಲೆ ಬರುವುದು ಹೆದ್ದಾರಿಯಲ್ಲ, ಅದರ ಹಿಂದಿನ ಸರ್ವೆ ನಂಬರ್. ಊರು ಕೆಡುವುದು ಶುರುವಾಗುವುದೇ ಅಲ್ಲಿಂದ ಅಂತ ನನ್ನ ಅನಿಸಿಕೆ.

ನಮ್ಮ ಕಡೆ ಅಣ್ಣತಮ್ಮಂದಿರು ಭಾಗ ಆಗುವಾಗ ಜಮೀನನ್ನು ಉದ್ದಕ್ಕೆ ಸೀಳುತ್ತಾರೆ. ಎಲ್ಲರಿಗೂ ದಾರಿಯ ಮುಖ ಬೇಕು, ಬಾವಿಯ ನೀರು ಬೇಕು. ರಾಗಿ ಬೆಳೆಯುವವರೆಗೆ ಇದರಿಂದ ಏನೂ ತೊಂದರೆ ಇಲ್ಲ. ಎರಡು ಮೂರು ತಲೆಮಾರು ಕಳೆದ ಮೇಲೆ ಒಂದೊಂದು ಹಿಸ್ಸಾ ನೂರು, ನೂರಿಪ್ಪತ್ತು ಅಡಿ ಅಗಲದ ಪಟ್ಟಿಯಾಗಿ ಉಳಿಯುತ್ತದೆ. ಆ ಪಟ್ಟಿಯೇ ಮುಂದೆ ಲೇಔಟ್.

ಲೆಕ್ಕ ನೋಡಿ. ಒಂದು ಎಕರೆ ಅಂದರೆ 43,560 ಚದರಡಿ. ಪಟ್ಟಿ 110 ಅಡಿ ಅಗಲ ಇದ್ದರೆ ಉದ್ದ 396 ಅಡಿ. ನಡುವೆ 30 ಅಡಿ ರಸ್ತೆ, ಎರಡೂ ಬದಿ 40 ಅಡಿ ಆಳದ ಸೈಟು. ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಬದಿಗೆ 13ರಂತೆ 26 ಥರ್ಟಿ ಫಾರ್ಟಿ. ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆಗೆ ಹೋದರೆ ಪಾರ್ಕಿಗೆ ಜಾಗ ಬಿಡಬೇಕು, ನಾಗರಿಕ ಸೌಲಭ್ಯಕ್ಕೆ ಬಿಡಬೇಕು. ನಾಲ್ಕೈದು ಸೈಟು ಕೈಬಿಟ್ಟು ಹೋಗುತ್ತದೆ. ಅನುಮೋದನೆ ಇಲ್ಲದೆ ಮಾರುವ ರೆವಿನ್ಯೂ ಸೈಟಿನ ದಾರಿ ಹಿಡಿಯುವವರಿಗೆ ಆ ನಾಲ್ಕೈದೇ ಲಾಭ. ಪಾರ್ಕಿಲ್ಲ ಅಂತ ಎಲ್ಲರೂ ಬೈಯುತ್ತಾರೆ, ಸರಿ. ನನಗೆ ಅದಕ್ಕಿಂತ ಚಿಂತೆ ಇರುವುದು 396ನೇ ಅಡಿಯ ಬಗ್ಗೆ.

ಅಲ್ಲಿ ರಸ್ತೆ ಬೇಲಿಗೆ ಬಡಿದು ನಿಲ್ಲುತ್ತದೆ. ಆಚೆಯವರು ಇನ್ನೂ ತೋಟ ಬಿಟ್ಟಿಲ್ಲ. ಕೆಲವು ವರ್ಷ ಕಳೆದು ಅವರೂ ಸೈಟು ಮಾಡುತ್ತಾರೆ. ಅವರ ಪಟ್ಟಿಯ ಅಗಲ ಬೇರೆ, ಹಾಗಾಗಿ ಅವರ ರಸ್ತೆ ಇವರದ್ದಕ್ಕೆ ಸೇರದೆ ಪಕ್ಕಕ್ಕೆ ಬೀಳುತ್ತದೆ. ಈ ರಸ್ತೆಯ ಎದುರಿಗೆ ಅವರ ಕಡೆಯ ಮನೆಯ ಬಚ್ಚಲ ಕಿಟಕಿ. ಕುಣಿಗಲ್ ರಸ್ತೆ ಬದಿಯ ಇಂಥದ್ದೊಂದು ಜೋಡಿಯಲ್ಲಿ ಕಾಂಪೌಂಡಿನ ಈಚೆಗೆ ಎರಡು ಸಿಮೆಂಟ್ ಇಟ್ಟಿಗೆ, ಆಚೆಗೆ ಒಂದು ಸೈಜುಗಲ್ಲು ಇಟ್ಟುಕೊಂಡಿದ್ದಾರೆ. ಅಂಗಡಿ ಇರುವುದು ಆಚೆ. ಮಕ್ಕಳು ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಗೋಡೆ ಹತ್ತಿ ಇಳಿಯುತ್ತಾರೆ. ಸ್ಕೂಟರ್ ಇರುವವರು ಮೇನ್ ರೋಡಿಗೆ ಹೋಗಿ ಸುತ್ತಿಕೊಂಡು ಬರಬೇಕು. ಹೀಗೆ ಹಾಲಿಗೂ ಸೊಪ್ಪಿಗೂ ಜನ ಹೆದ್ದಾರಿಗೆ ಇಳಿದರೆ ಟ್ರಾಫಿಕ್ ಜಾಸ್ತಿ ಆಗದೆ ಇನ್ನೇನು?

ನೀರಿನ ಪೈಪು, ಒಳಚರಂಡಿ ಎರಡೂ ರಸ್ತೆಯಡಿಯಲ್ಲೇ ಹೋಗಬೇಕು ಅಲ್ವಾ? ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬಂದು ಅಲ್ಲಿಂದ ನಗರಕ್ಕೆ ಬರುತ್ತದೆ. ಆದರೆ ರಸ್ತೆ ಮುಗಿಯುವ ಕಡೆ ಪೈಪೂ ಮುಗಿಯುತ್ತದೆ, ಮುಂದಕ್ಕೆ ಬೋರು, ಟ್ಯಾಂಕರು. ಒಳಚರಂಡಿಯದ್ದು ಇನ್ನೂ ಫಜೀತಿ. ಕೊಳಚೆ ಇಳಿಜಾರಿಗೆ ಹರಿಯಬೇಕು. ಇಳಿಜಾರು ಪಕ್ಕದ ಲೇಔಟಿನ ಕಡೆ ಇದ್ದು ದಾರಿ ಇಲ್ಲದಿದ್ದರೆ ಪಿಟ್ಟು ತೋಡಬೇಕು, ಇಲ್ಲವೇ ರಾತ್ರೋರಾತ್ರಿ ರಾಜಕಾಲುವೆಗೆ ಬಿಡಬೇಕು. ಎರಡನೆಯದೇ ಹೆಚ್ಚು ನಡೆಯುವುದು.

ಇದಕ್ಕೆ ಖಾಲಿ ಜಾಗದ ಸಮಸ್ಯೆಯೂ ಸೇರಿಕೊಂಡಿದೆ. ಊರಿಗೆ ಹತ್ತಿರದ ಜಮೀನಿನವರು ಬೆಲೆ ಏರಲಿ ಅಂತ ಕಾಯುತ್ತಾರೆ, ದೂರದವರು ಅಗ್ಗಕ್ಕೆ ಕೊಡುತ್ತಾರೆ. ಲೇಔಟ್ ಅಲ್ಲಿಗೆ ಹಾರುತ್ತದೆ, ನಡುವೆ ಪಾಳು. ಬೆಂಗಳೂರಿನ ಮಾದಾವರದಿಂದ ತುಮಕೂರಿಗೆ ಮೆಟ್ರೋ ಅನ್ನುವುದು ಅಧ್ಯಯನದ ಹಂತದಲ್ಲಿದ್ದಾಗಲೇ ಸೈಟಿನ ಪಾಂಪ್ಲೆಟ್‌ನಲ್ಲಿ ರೈಲು ಓಡುತ್ತಿತ್ತು!

ಮಾಸ್ಟರ್ ಪ್ಲಾನ್ ಇಲ್ಲವೇ ಅಂತ ಕೇಳುತ್ತಾರೆ. ಇದೆ. ಅದರಲ್ಲಿ ದೊಡ್ಡ ರಸ್ತೆ ಇರುತ್ತದೆ, ವಲಯದ ಬಣ್ಣ ಇರುತ್ತದೆ. ಗಲ್ಲಿ ಗಲ್ಲಿಗೆ ಸೇರುವ ಮಟ್ಟಕ್ಕೆ ಅದು ಇಳಿಯುವುದಿಲ್ಲ. ಆ ಕೆಲಸಕ್ಕೆ ಬೇರೆ ಸಾಧನ ಇದೆ. ಅಕ್ಕಪಕ್ಕದ ಸರ್ವೆ ನಂಬರ್‌ಗಳನ್ನೆಲ್ಲ ಒಟ್ಟುಗೂಡಿಸಿ, ರಸ್ತೆ ಎಳೆದು, ಉಳಿದಿದ್ದನ್ನು ಹೊಸ ಆಕಾರದಲ್ಲಿ ಮಾಲೀಕರಿಗೇ ಹಂಚುವ ನಗರ ಯೋಜನಾ ಸ್ಕೀಮ್. ಗುಜರಾತಿನಲ್ಲಿ ಅಹಮದಾಬಾದ್ ಬೆಳೆದಿದ್ದು ಬಹುಪಾಲು ಹೀಗೆ. ನಮ್ಮ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲೂ ಇದಕ್ಕೆ ಅವಕಾಶ ಇದೆ. ಬಳಸುವವರು ಕಡಿಮೆ.

ಸ್ಕೀಮ್ ಬರುವವರೆಗೆ ಕಾಯಬೇಕಿಲ್ಲ. ಗ್ರಾಮ ನಕಾಶೆ ತೆಗೆದು ನೋಡಿ, ಸರ್ವೆ ನಂಬರ್‌ಗಳನ್ನು ಹಾದುಹೋಗುವ ಬಂಡಿದಾರಿ ಕಾಣುತ್ತದೆ. ಅದು ಸಾಮಾನ್ಯವಾಗಿ ಬಿ ಖರಾಬು, ಅಂದರೆ ಸಾರ್ವಜನಿಕರ ಬಳಕೆಗೆ ಬಿಟ್ಟ ಜಾಗ. ಮೂರು ನಾಲ್ಕು ಲೇಔಟುಗಳನ್ನು ಜೋಡಿಸಲು ಅನೇಕ ಕಡೆ ಅದೊಂದೇ ಸಾಕು. ಆದರೆ ಮೊದಲು ಒತ್ತುವರಿ ಆಗುವುದೂ ಅದೇ. ಪಂಚಾಯ್ತಿಯವರು ಕಾಂಪೌಂಡ್ ಏಳುವ ಮೊದಲು ಅಳತೆ ಮಾಡಿಸಿ ಕಲ್ಲು ನೆಡಿಸಬೇಕು. ಎದ್ದ ಮೇಲೆ ಕೋರ್ಟೇ ಗತಿ.

ನಾನು ನಕ್ಷೆ ಮಾಡುವಾಗ ಪಕ್ಕದ ಜಮೀನಿನ ಸ್ಕೆಚ್ಚೂ ಕೇಳುತ್ತೇನೆ. ರಸ್ತೆಗೆ ರಸ್ತೆ ಸೇರಿಸೋಣ ಅಂದರೆ ಕೆಲವು ಮಾಲೀಕರು ಒಪ್ಪುವುದಿಲ್ಲ. ‘ನಮ್ಮ ರೋಡಲ್ಲಿ ಅವರ ಸೈಟು ಯಾಕೆ ಸೇಲ್ ಆಗಬೇಕು?’ ಅನ್ನುತ್ತಾರೆ. ಜಾಣರು ರಸ್ತೆಯ ಕೊನೆಯಲ್ಲಿ ಒಂದಡಿ ಜಾಗವನ್ನು ಸ್ವಂತ ಹೆಸರಿನಲ್ಲೇ ಇಟ್ಟುಕೊಳ್ಳುತ್ತಾರೆ. ಮುಂದೆ ಪಕ್ಕದವನಿಗೆ ದಾರಿ ಬೇಕಾದಾಗ ಆ ಒಂದಡಿಗೆ ಹೇಳಿದ್ದೇ ರೇಟು. ಸೈಟು ಕೊಳ್ಳುವವರು ಮೂಲೆ ಸೈಟಾ, ಪೂರ್ವದ ಬಾಗಿಲಾ ಅಂತ ವಿಚಾರಿಸುತ್ತಾರಲ್ಲ, ಅದರ ಜೊತೆಗೆ ರಸ್ತೆಯನ್ನು ಪಂಚಾಯ್ತಿಗೋ ಪ್ರಾಧಿಕಾರಕ್ಕೋ ಬಿಟ್ಟುಕೊಟ್ಟ ಪತ್ರವನ್ನೂ ಕೇಳಿ. ಅದರಲ್ಲಿ ರಸ್ತೆಯ ಉದ್ದ ಜಮೀನಿನ ಗಡಿಯವರೆಗೂ ಇದೆಯಾ, ಒಂದಡಿ ಹಿಂದೆ ನಿಂತಿದೆಯಾ ನೋಡಿ.