ಆನ್‌ಲೈನ್ ತರಬೇತಿಯನ್ನು ಪೋರ್ಟಲ್‌ನಲ್ಲಿ ಹಾಕಿಸಲು ದುಡ್ಡು ಕೊಡಬೇಕೇ?

ಪ್ರಶ್ನೆ: ನಮ್ಮದು ಧಾರವಾಡದ ಕಡೆಯ ಮಹಿಳೆಯರ ಸಣ್ಣ ಸಂಸ್ಥೆ. ಕಸೂತಿ ಮಾಡಿ ಮಾರುತ್ತೇವೆ, ಈಚೆಗೆ ಜೂಮ್‌ನಲ್ಲಿ ಕಲಿಸಲೂ ಶುರು ಮಾಡಿದ್ದೇವೆ. ತರಬೇತಿಗಳ ಪಟ್ಟಿ ಪ್ರಕಟಿಸುವ ಪೋರ್ಟಲ್‌ನವರು ವರ್ಷಕ್ಕೆ 12,000 ರೂಪಾಯಿ ಕೊಟ್ಟರೆ ನಮ್ಮ ಕೋರ್ಸನ್ನು ಎಲ್ಲಕ್ಕಿಂತ ಮೇಲೆ ತೋರಿಸುತ್ತೇವೆ ಅನ್ನುತ್ತಿದ್ದಾರೆ. ಕೊಟ್ಟರೆ ಪ್ರಯೋಜನವಾದೀತೇ?

ಉತ್ತರ: ಸದ್ಯಕ್ಕೆ ಬೇಡ. ಇಂಥ ಪಟ್ಟಿಗಳೆಲ್ಲ ಮೋಸ ಎಂದು ಇದರರ್ಥವಲ್ಲ. ಕೆಲವು ಸಂಸ್ಥೆಗಳಿಗೆ ಅವುಗಳಿಂದ ನಿಜವಾಗಿ ಕೆಲಸವಾಗುತ್ತದೆ, ಅದನ್ನೂ ಹೇಳುತ್ತೇನೆ. ಆದರೆ ಕಸೂತಿ ಕಲಿಯಬೇಕು ಎಂದುಕೊಂಡವರು ಕಲಿಸುವವರನ್ನು ಹುಡುಕುವ ದಾರಿಯೇ ಬೇರೆ.

ಮೊದಲು ಲೆಕ್ಕ ಹಾಕೋಣ. 12,000ಕ್ಕೆ ಶೇ 18ರ ಜಿಎಸ್‌ಟಿ ಸೇರಿದರೆ 14,160. ನಿಮ್ಮದು ಜಿಎಸ್‌ಟಿ ನೋಂದಣಿ ಆಗಿರದಿದ್ದರೆ ಆ 2,160 ರೂಪಾಯಿಯನ್ನು ಎಲ್ಲೂ ಹೊಂದಿಸಿಕೊಳ್ಳಲು ಬರುವುದಿಲ್ಲ, ಪೂರ್ತಿ ಖರ್ಚೇ. ಕೋರ್ಸಿನ ಶುಲ್ಕ 1,500 ಎಂದುಕೊಳ್ಳಿ. ಬಟ್ಟೆ, ದಾರ, ಸೂಜಿಯ ಕಿಟ್, ಅದರ ಕೊರಿಯರ್, ಕಲಿಸುವ ಅಕ್ಕನ ಸಂಭಾವನೆ ಎಲ್ಲ ಸೇರಿ ಒಬ್ಬರಿಗೆ 900 ಆದರೆ ನಿಮಗೆ ಉಳಿಯುವುದು 600. ಅಲ್ಲಿಗೆ ಹಾಕಿದ ದುಡ್ಡು ಹುಟ್ಟಬೇಕಾದರೆ 24 ಜನ ಸೇರಬೇಕು. ಅದೂ ಈ ಪಟ್ಟಿ ಇಲ್ಲದಿದ್ದರೆ ನಿಮ್ಮ ಹತ್ತಿರ ಬರುತ್ತಲೇ ಇರದ 24 ಜನ. ಹೇಗಿದ್ದರೂ ಬರುವವರಿದ್ದವರು ಪೋರ್ಟಲ್ ಮೂಲಕ ಬಂದರೆ ಅದನ್ನು ಲಾಭದ ಲೆಕ್ಕಕ್ಕೆ ಹಿಡಿಯಬಾರದು. ನಿಮ್ಮ ಪುಟ ನೋಡಿದ 100 ಜನರಲ್ಲಿ ಇಬ್ಬರು ಸೇರುತ್ತಾರೆ ಎಂದು ಧಾರಾಳವಾಗಿ ಇಟ್ಟುಕೊಂಡರೂ, ಕಸೂತಿಯಲ್ಲಿ ಆಸಕ್ತಿ ಇರುವ 1,200 ಜನ ವರ್ಷದೊಳಗೆ ಆ ಪುಟಕ್ಕೆ ಬರಬೇಕು.

ತಿಂಗಳಿಗೆ ಲಕ್ಷಾಂತರ ಜನ ಭೇಟಿ ಕೊಡುತ್ತಾರೆ ಎಂದು ಪೋರ್ಟಲ್‌ನವರು ಹೇಳಬಹುದು. ಅದು ಇಡೀ ತಾಣದ ಲೆಕ್ಕ. ಅಲ್ಲಿಗೆ ಎಕ್ಸೆಲ್, ಸ್ಪೋಕನ್ ಇಂಗ್ಲಿಷ್, ಡಿಜಿಟಲ್ ಮಾರ್ಕೆಟಿಂಗ್ ಹುಡುಕಿಕೊಂಡು ಬರುವವರೂ ಅದರಲ್ಲಿ ಸೇರಿರುತ್ತಾರೆ. ಕಳೆದ ಮೂರು ತಿಂಗಳಲ್ಲಿ ಕರಕುಶಲ ಕೋರ್ಸುಗಳ ಪುಟವನ್ನು ಎಷ್ಟು ಜನ ನೋಡಿದರು, ಅವರಲ್ಲಿ ಎಷ್ಟು ಜನ ವಿಚಾರಿಸಿದರು, ಎಷ್ಟು ಜನ ದುಡ್ಡು ಕಟ್ಟಿದರು ಎಂದು ಕೇಳಿ. ಈಗಾಗಲೇ ದುಡ್ಡು ಕೊಟ್ಟು ಪಟ್ಟಿಯಲ್ಲಿರುವ ಇಬ್ಬರು ತರಬೇತುದಾರರೊಂದಿಗೆ ಮಾತಾಡಿಸಿ ಎಂದೂ ಕೇಳಿ. ಇಷ್ಟಕ್ಕೆ ನೇರ ಉತ್ತರ ಬರದಿದ್ದರೆ ಅಲ್ಲಿಗೇ ಬಿಡಿ.

ಇನ್ನು ಕಸೂತಿಯ ಮಾತು. ಗವಂತಿ, ಮುರ್ಗಿ ಹೊಲಿಗೆಯ ಹೆಚ್ಚುಗಾರಿಕೆ ಇರುವುದೇ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣುವುದರಲ್ಲಿ. ಎಳೆ ಎಣಿಸಿ, ಗಂಟು ಕಾಣದ ಹಾಗೆ ಗೋಪುರವನ್ನೋ ತೇರನ್ನೋ ಎಬ್ಬಿಸುವ ಕೈಚಳಕ ಒಂದು ಚಿಕ್ಕ ಫೋಟೊ, ನೂರು ಪದದ ವಿವರಣೆ ಮತ್ತು ನಕ್ಷತ್ರಗಳ ರೇಟಿಂಗ್‌ನಲ್ಲಿ ಕಾಣಿಸುವುದಿಲ್ಲ. ಆ ಪಟ್ಟಿಯಲ್ಲಿ ನಿಮ್ಮ ಕೋರ್ಸಿಗೂ ಯಂತ್ರದ ಎಂಬ್ರಾಯ್ಡರಿ ಕೋರ್ಸಿಗೂ ವ್ಯತ್ಯಾಸ ಗೊತ್ತಾಗುವುದು ಶುಲ್ಕದಲ್ಲಿ ಮಾತ್ರ. ನಿಮ್ಮಲ್ಲೊಬ್ಬರು ಸೆರಗಿನ ತುದಿಯನ್ನು ಹಿಂಬದಿಗೆ ತಿರುಗಿಸಿ ತೋರಿಸುವ ಎರಡು ನಿಮಿಷದ ವಿಡಿಯೊ ಆ ವ್ಯತ್ಯಾಸವನ್ನು ಕೂಡಲೇ ತೋರಿಸುತ್ತದೆ. ಅದಕ್ಕೆ ಮೊಬೈಲು, ಕಿಟಕಿಯ ಬೆಳಕು ಸಾಕು.

ನಿಮ್ಮ ಹತ್ತಿರ ಕಲಿಯಲು ಬರುವವರು ಯಾರು? ತಾಯಿಯ ಇಳಕಲ್ ಸೀರೆಯನ್ನು ಜೋಪಾನ ಮಾಡಿಟ್ಟವರು, ಫ್ಯಾಷನ್ ಡಿಸೈನ್ ಓದುವ ಹುಡುಗಿಯರು, ದೂರದ ಊರಲ್ಲಿ, ಹೊರದೇಶದಲ್ಲಿ ನೆಲೆಸಿದ ಕನ್ನಡದವರು. ಇವರು ಪರಿಚಯದವರ ಮಾತು ನಂಬಿ ಬರುತ್ತಾರೆ: ವಾಟ್ಸ್‌ಆ್ಯಪ್ ಗುಂಪು, ಇನ್‌ಸ್ಟಾಗ್ರಾಂ, ಕನ್ನಡ ಕೂಟ, ಹಿಂದಿನ ಬ್ಯಾಚಿನಲ್ಲಿ ಕಲಿತ ಗೆಳತಿ. ಪಟ್ಟಿಗೆ ಕೊಡಬೇಕೆಂದಿದ್ದ ದುಡ್ಡಿನಲ್ಲಿ ಅರ್ಧವನ್ನು ಕಲಿತವರು ಇನ್ನೊಬ್ಬರನ್ನು ಕರೆತಂದರೆ ಕೊಡುವ ರಿಯಾಯಿತಿಗೆ ಇಡಿ. ಯಾವುದಾದರೂ ಕನ್ನಡ ಕೂಟಕ್ಕೆ ಒಂದು ಉಚಿತ ಪರಿಚಯ ತರಗತಿ ಮಾಡಿ. ಅಮೆರಿಕದ ಪೂರ್ವ ತೀರದಲ್ಲಿ ಬೇಸಿಗೆಯ ಶನಿವಾರ ಬೆಳಿಗ್ಗೆ 9 ಗಂಟೆ ಎಂದರೆ ನಮ್ಮಲ್ಲಿ ಸಂಜೆ 6.30, ಚಳಿಗಾಲದಲ್ಲಿ 7.30. ಕಲಿಸುವವರು ಮನೆಗೆಲಸ ಮುಗಿಸಿ ಕೂರಬಹುದಾದ ಹೊತ್ತು ಅದು.

ದುಡ್ಡು ಮೊದಲೇ ಕೊಡುವುದಕ್ಕೂ ಕಲಿಯುವವರು ಬಂದ ಮೇಲೆ ಪಾಲು ಕೊಡುವುದಕ್ಕೂ ದೊಡ್ಡ ಅಂತರವಿದೆ. ಯುಡೆಮಿ ಎಂಬ ಆನ್‌ಲೈನ್ ಕೋರ್ಸುಗಳ ತಾಣದಲ್ಲಿ ಕೋರ್ಸ್ ಹಾಕಲು ಶುಲ್ಕವಿಲ್ಲ. ಅವರ ತಾಣದಲ್ಲೇ ಹುಡುಕಿ ಬಂದ ಗಿರಾಕಿ ಕೊಂಡರೆ ಬೋಧಕರಿಗೆ ಶೇ 37, ಬೋಧಕರ ಸ್ವಂತ ಕೂಪನ್ ಬಳಸಿ ಕೊಂಡರೆ ಶೇ 97. ಗಿರಾಕಿಯನ್ನು ಕರೆತಂದವರಿಗೆ ಹೆಚ್ಚು ಪಾಲು. ಅಲ್ಲಿ ಮೊದಲೇ ಚಿತ್ರೀಕರಿಸಿದ ಪಾಠ ನಡೆಯುತ್ತದೆ, ಕೈಹಿಡಿದು ತಿದ್ದುವ ನಿಮ್ಮ ತರಗತಿಗೆ ಅದು ಒಗ್ಗುವುದಿಲ್ಲ. ಆದರೆ ಆ ಹಂಚಿಕೆಯ ಕ್ರಮ ನ್ಯಾಯವಾದದ್ದು, ನಿಮ್ಮ ಪೋರ್ಟಲ್‌ನವರ ಮುಂದೆ ಇಡಲು ಒಳ್ಳೆಯ ಮಾದರಿ.

ಪಟ್ಟಿಗೆ ದುಡ್ಡು ಕೊಡುವುದು ಸರಿಯಾಗುವ ಸಂದರ್ಭವೂ ಇದೆ. ನೀವು ಒಬ್ಬೊಬ್ಬರಿಗೆ ಕಲಿಸುವ ಬದಲು ಕಂಪನಿಗಳ ಸಿಬ್ಬಂದಿಗೆ, ಕಾಲೇಜುಗಳಿಗೆ ಕಾರ್ಯಾಗಾರ ಮಾಡುವವರಾಗಿದ್ದು, ಆ ಕಡೆಯ ಎಚ್‌ಆರ್ ವಿಭಾಗದವರು ತರಬೇತುದಾರರನ್ನು ಹುಡುಕಲು ಇದೇ ಪೋರ್ಟಲ್ ತೆರೆಯುತ್ತಾರೆ ಎಂಬುದು ಖಾತ್ರಿಯಾದರೆ, ಒಂದೇ ಕಾರ್ಯಾಗಾರದಲ್ಲಿ ವರ್ಷದ ಶುಲ್ಕ ಹುಟ್ಟುತ್ತದೆ. ಸಾಮಾಜಿಕ ಉದ್ಯಮಗಳಿಗೇ ಮೀಸಲಾಗಿ, ತಮ್ಮ ಚಂದಾದಾರರಿಗೆ ನಿಯಮಿತವಾಗಿ ಇಮೇಲ್ ಕಳಿಸುವ ಚಿಕ್ಕ ಪಟ್ಟಿಗಳೂ ಕೆಲವೊಮ್ಮೆ ದೊಡ್ಡ ಪೋರ್ಟಲ್‌ಗಿಂತ ಮೇಲು. ಸಿಎಸ್‌ಆರ್ ಹಣ, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆಂದು ಕೊಡುವ ಹಣ, ಸಿಗುತ್ತದೆ ಎಂಬ ಆಸೆಯಿಂದ ಮಾತ್ರ ಪಟ್ಟಿ ಸೇರಬೇಡಿ. ಅದಕ್ಕೆ ಬೇಕಾದದ್ದು 2021ರ ಏಪ್ರಿಲ್‌ನಿಂದ ಕಡ್ಡಾಯವಾಗಿರುವ ಸಿಎಸ್‌ಆರ್-1 ನೋಂದಣಿ ಮತ್ತು ನಿಮ್ಮ ಲೆಕ್ಕಪತ್ರ. ಸ್ವಯಂಸೇವಾ ಸಂಸ್ಥೆಗಳಿಗಾಗಿ ಇರುವ ನೀತಿ ಆಯೋಗದ ಎನ್‌ಜಿಒ ದರ್ಪಣ್ ನೋಂದಣಿಗಂತೂ ಶುಲ್ಕವೇ ಇಲ್ಲ.

ನಿಮ್ಮದು ಟ್ರಸ್ಟ್, ಸೊಸೈಟಿ ಅಥವಾ ಸೆಕ್ಷನ್ 8 ಕಂಪನಿಯಾಗಿದ್ದು (ಲಾಭ ಹಂಚಿಕೊಳ್ಳದ ಕಂಪನಿ) ಸ್ವಂತ ಜಾಲತಾಣ ಇದ್ದರೆ ಇನ್ನೊಂದು ದಾರಿ ನೋಡಿ. ಗೂಗಲ್‌ನವರ ಆ್ಯಡ್ ಗ್ರ್ಯಾಂಟ್ಸ್ ಯೋಜನೆಯಡಿ ಅರ್ಹ ಸಂಸ್ಥೆಗಳಿಗೆ ತಿಂಗಳಿಗೆ 10,000 ಡಾಲರ್ ಮೌಲ್ಯದವರೆಗೆ ಹುಡುಕಾಟದ ಜಾಹೀರಾತು ಉಚಿತ. ಕೈಗೆ ಹಣ ಬರುವುದಿಲ್ಲ, ಅಕ್ಷರದ ಜಾಹೀರಾತು ಮಾತ್ರ. ಕ್ಲಿಕ್ ಪ್ರಮಾಣ (ಜಾಹೀರಾತು ಕಂಡಾಗ ಅದನ್ನು ಒತ್ತುವವರ ಪಾಲು) ಶೇ 5ಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಬೇಕು. ನಡೆಸಲು ಕಂಪ್ಯೂಟರ್ ಬಲ್ಲ ಒಬ್ಬ ಹುಡುಗಿ ವಾರಕ್ಕೊಮ್ಮೆ ಕೂತರೆ ಸಾಕು. ‘ಕಸೂತಿ ಕ್ಲಾಸ್’ ಎಂದು ಟೈಪ್ ಮಾಡಿದವರಿಗೇ ನೀವು ಕಾಣಿಸುತ್ತೀರಿ.

ಪೋರ್ಟಲ್‌ನವರು ‘ನಿಮ್ಮ ಕೋರ್ಸಿನ ಶುಲ್ಕ ಇಳಿಸಿ, ಮೊದಲ ಬ್ಯಾಚ್ ಉಚಿತವಾಗಿ ಕೊಡಿ’ ಎಂದು ಒತ್ತಾಯಿಸಿದರೆ ಒಪ್ಪಬೇಡಿ. ಅಮೆರಿಕದ ಹಾರ್ವರ್ಡ್ ಮತ್ತು ಎಂಐಟಿ ವಿಶ್ವವಿದ್ಯಾಲಯಗಳು ಎಡ್‌ಎಕ್ಸ್ ಎಂಬ ತಾಣದಲ್ಲಿ ನಡೆಸಿದ, ಉಚಿತವಾಗಿ ಸೇರಬಹುದಾದ ಆನ್‌ಲೈನ್ ಕೋರ್ಸುಗಳಲ್ಲಿ 2017-18ರಲ್ಲಿ ಸೇರಿದವರ ಪೈಕಿ ಮುಗಿಸಿದ್ದು ಶೇ 3.13 ಮಾತ್ರ. ಪ್ರಮಾಣಪತ್ರಕ್ಕೆಂದು ದುಡ್ಡು ಕಟ್ಟಿದವರಲ್ಲಿ ಶೇ 46 ಮಂದಿ ಮುಗಿಸಿದರು. ಕಲಿಯುವ ಹಟ ಇದ್ದವರೇ ದುಡ್ಡು ಕಟ್ಟುತ್ತಾರೆ ಎಂಬುದೂ ಇದಕ್ಕೊಂದು ಕಾರಣ ಇರಬಹುದು, ಇರಲಿ. ಅರ್ಧಕ್ಕೆ ಬಿಟ್ಟು ಹೋದವರು ನಿಮ್ಮ ಬಗ್ಗೆ ಯಾರಿಗೂ ಹೇಳುವುದಿಲ್ಲ, ಮುಗಿಸಿದವರು ಹೇಳುತ್ತಾರೆ. ದುಡ್ಡು ಕಟ್ಟಲಾಗದ ಹೆಣ್ಣುಮಕ್ಕಳಿಗೆ ಪ್ರತಿ ಬ್ಯಾಚಿನಲ್ಲೂ ಎರಡು ಸೀಟು ಉಚಿತವಾಗಿ ಇಡಿ, ಅವರನ್ನು ನೀವೇ ಆರಿಸಿ.

ತೆರಿಗೆಯ ಬಗ್ಗೆ ಒಂದು ಗೊಂದಲ ಇದೆ. ಪೋರ್ಟಲ್ ಮೂಲಕ ಸೇವೆ ಮಾರಿದ ಮಾತ್ರಕ್ಕೆ ಸಣ್ಣವರು ಜಿಎಸ್‌ಟಿ ನೋಂದಣಿ ಮಾಡಿಸಲೇಬೇಕೆಂದಿಲ್ಲ. ಸೇವೆಗಳಿಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ವಿನಾಯಿತಿ ಇದೆ. ಆದರೆ ಕಿಟ್ಟನ್ನೂ ಅದೇ ಪೋರ್ಟಲ್‌ನಲ್ಲಿ ಸರಕಾಗಿ ಮಾರಿದರೆ ನಿಯಮ ಬೇರೆ, ಅದಕ್ಕೆ ಮುಂಚೆ ನಿಮ್ಮ ಆಡಿಟರನ್ನು ಕೇಳಿ.

ಆ ಪೋರ್ಟಲ್‌ಗೆ ಹೀಗೆ ಬರೆಯಿರಿ: ವರ್ಷದ ಶುಲ್ಕ ಕೊಡುವುದಿಲ್ಲ, ನಿಮ್ಮಿಂದ ಬಂದು ದುಡ್ಡು ಕಟ್ಟಿದ ಪ್ರತಿಯೊಬ್ಬರ ಲೆಕ್ಕದಲ್ಲಿ ನಿಮಗೆ 200 ರೂಪಾಯಿ ಕೊಡುತ್ತೇವೆ. ಒಪ್ಪಿದರೆ ಅವರಿಗೆ ಪ್ರತ್ಯೇಕ ಕೂಪನ್ ಕೋಡ್ ಕೊಡಿ. ಜೊತೆಗೆ ನೋಂದಣಿ ಫಾರ್ಮಿನಲ್ಲಿ ‘ನಮ್ಮ ಬಗ್ಗೆ ಯಾರಿಂದ ತಿಳಿಯಿತು?’ ಎಂಬ ಒಂದು ಸಾಲು ಈವತ್ತೇ ಸೇರಿಸಿ. ಎರಡು ಬ್ಯಾಚ್ ಮುಗಿಯುವ ಹೊತ್ತಿಗೆ ಯಾರಿಗೆ ದುಡ್ಡು ಕೊಡಬೇಕು ಎಂಬುದು ಆ ಫಾರ್ಮುಗಳಲ್ಲೇ ಇರುತ್ತದೆ.